ಗೌರಿಗೆ ದಿಕ್ಕಿನ ಡಬ್ಬಿ ಒಯ್ದದ್ದು

ಬೆಳಿಗ್ಗೆ ತಿಂಡಿ ಮುಗಿಸಿ ಮನೆಯಿಂದ ಹೊರಟೆವು, ನಾನು ಮತ್ತು ಮೊಮ್ಮಗಳು ರೂಪಾ. ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ. ಆಧಾರ್ ಕಾರ್ಡ್ ತೋರಿಸಿ ಕಿಟಕಿಯ ಪಕ್ಕ ಕೂತೆ.

ಸಿರುಗುಪ್ಪದಲ್ಲಿರುವ ನನ್ನ ತಂಗಿ ಗೌರಿಗೆ ಈಗ ಕಣ್ಣು ಕಾಣುವುದಿಲ್ಲ. ಎದುರು ಮನೆಯ ಹುಸೇನಬಿಯ ಜೊತೆ ಚಹಾ ಕುಡಿಯದಿದ್ದರೆ ಅವಳಿಗೆ ದಿನ ಹೋಗದು. ನಡುವೆ ಅಕ್ಕಿ ಮಿಲ್ಲಿನ ಬಯಲು. ಅಲ್ಲಿ ಕೋಲಿಗೆ ಗೋಡೆ ಸಿಗದು, ಎತ್ತಲೋ ಹೊರಳುತ್ತಾಳೆ. ಕೈ ಹಿಡಿಯುವವರು ಬಾರದ ದಿನ ಮನೆಯಲ್ಲೇ ಕೂರುತ್ತಾಳೆ. ಅವಳಿಗೆಂದೇ ರೂಪಾ ಕಾಲೇಜಿನಲ್ಲಿ ಕಲಿತದ್ದನ್ನು ಬಳಸಿ ಒಂದು ಡಬ್ಬಿ ಮಾಡಿದ್ದಳು. ಗುರುತು ಹಾಕಿಕೊಟ್ಟ ದಿಕ್ಕಿಗೆ ಮುಖ ಮಾಡಿದರೆ ಅದು ಅಂಗೈಯಲ್ಲಿ ನಡುಗುತ್ತದೆ.

ಕುರುಗೋಡಿನಲ್ಲಿ ಇಳಿದು ಮಂಡಕ್ಕಿ, ಮಿರ್ಚಿ ತಿಂದೆವು. ಅಷ್ಟರಲ್ಲಿ ಬಿಸಿಲಿಗಿಟ್ಟ ಡಬ್ಬಿ ಗುರುತಿನ ದಿಕ್ಕು ಬಿಟ್ಟು ಬೇರೆ ದಿಕ್ಕಿಗೆ ನಡುಗತೊಡಗಿತು. ರೂಪಾಳ ಮುಖ ಸಣ್ಣದಾಯಿತು.

"ಕಾದು ದಿಕ್ಕು ಜಾರೈತಿ ಅಜ್ಜಿ. ಅಯಸ್ಕಾಂತದ ಸೆನ್ಸರ್ ಒಂದನ್ನ ನಂಬಿದ್ರ ಹಿಂಗಾ."

"ಮತ್ತ ಗೌರೀನ ಗಟಾರಕ್ಕ ಕೆಡವ್ತಿಯೇನು?"

"ತಡೀಬೇ. ಡಬ್ಬ್ಯಾಗ ಕಾವು ನೋಡೋ ಸೆನ್ಸರ್ ಒಂದೈತಿ, ಎಷ್ಟು ತಿರುಗಿದ್ವಿ ಅಂತ ಹೇಳೋದು ಒಂದೈತಿ. ಮೂರರ ಮಾತು ಕೂಡಿಸ್ತೀನಿ. ಒಂದು ಜಾರಿದ್ರ ಉಳಿದೆರಡು ಹಿಡೀತಾವ."

"ನಮ್ಮ ಮನ್ಯಾಗ ಮೂರು ಮಂದಿ ಒಂದು ಮಾತಿಗೆ ಬಂದದ್ದು ನಾನಂತೂ ನೋಡಿಲ್ಲ."

ಅವಳು ನಗಲಿಲ್ಲ. ಲ್ಯಾಪ್‌ಟಾಪ್ ತೆರೆದು ಕೂತಳು. ಎರಡು ಬಸ್ಸು ಬಿಟ್ಟೆವು. ಮತ್ತೆ ಬಿಸಿಲಿಗಿಟ್ಟು ನೋಡಿದಳು, ಸರಿಯಾಗಿತ್ತು.

ಸಿರುಗುಪ್ಪದ ಗದ್ದೆಗಳು ಹಸಿರಾಗಿದ್ದವು. ಗೌರಿ ನಮ್ಮನ್ನು ಕೂರಲೂ ಬಿಡಲಿಲ್ಲ. "ಮೊದಲು ಡಬ್ಬಿ ಕೊಡ್ರಿ" ಎಂದಳು. ರೂಪಾ ಹುಸೇನಬಿಯ ಮನೆಯ ದಿಕ್ಕಿಗೆ ಗುರುತು ಹಾಕಿಕೊಟ್ಟಳು. ಬಯಲಲ್ಲಿ ಭತ್ತದ ಲಾರಿ ನಿಂತಿತ್ತು. ಅಷ್ಟು ಕಬ್ಬಿಣ ಪಕ್ಕದಲ್ಲಿದ್ದರೆ ಡಬ್ಬಿಗೆ ದಿಕ್ಕು ತಪ್ಪಬಹುದೆಂದು ರೂಪಾ ಉಗುರು ಕಚ್ಚಿದಳು. ನಾನು ಕೈ ಚಾಚಿಕೊಂಡು ತಂಗಿಯ ಹಿಂದೆಯೇ ನಡೆದೆ.

"ಅಕ್ಕ, ನಿನ್ನ ಬಳೆ ಸಪ್ಪಳ ಕೇಳಾಕತ್ತೈತಿ. ಹಿಂದಕ್ಕ ಸರಿ."

ನಿಂತೆ. ಲಾರಿಯ ಪಕ್ಕ ಅವಳೂ ನಿಂತಳು, ಅಂಗೈ ಅತ್ತಿತ್ತ ತಿರುಗಿಸಿದಳು, ಮತ್ತೆ ನಡೆದಳು. ಕೋಲು ಹುಸೇನಬಿಯ ಬಾಗಿಲಿಗೆ ಬಡಿಯಿತು.

"ಯಾರು ಕರ್ಕೊಂಡು ಬಂದ್ರಲೇ?" ಒಳಗಿಂದ ಹುಸೇನಬಿ ಕೇಳಿದಳು.

"ಯಾರೂ ಇಲ್ಲ. ಚಾ ಇಡು."

ಸಂಜೆ ಹೊರಟಾಗ ಗೌರಿ ನಮ್ಮನ್ನು ಕಳಿಸಲು ಬರಲಿಲ್ಲ. ಓಣಿಯ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಹುಸೇನಬಿಯ ಕಟ್ಟೆಯ ಮೇಲೆ ಅವರಿಬ್ಬರ ಮಾತು ಇನ್ನೂ ಮುಗಿದಿರಲಿಲ್ಲ.