ಪೊಟ್ಟಣದ ಬೆನ್ನ ಮೇಲಿನ ಸಣ್ಣಕ್ಷರ

ಅಂಗಡಿಯಲ್ಲಿ ಯಾವ ಪೊಟ್ಟಣ ಕೈಗೆ ಕೊಟ್ಟರೂ ನಾನು ಮೊದಲು ತಿರುಗಿಸಿ ಅದರ ಬೆನ್ನು ನೋಡುತ್ತೇನೆ. ಮುಂಭಾಗದ ಚಿತ್ರವನ್ನು ನಂಬುವುದಿಲ್ಲ. ಹಿಂದೆ ನಿಂತವರು ಗೊಣಗುತ್ತಾರೆ. ಗೊಣಗಲಿ. ಡಿಗ್ರಿ ಮುಗಿಸಿ ಬಂದಾಗ ನನಗೆ ಈ ಬುದ್ಧಿ ಇರಲಿಲ್ಲ.

ಅಕ್ಕೂರಿನ ನಮ್ಮ ಮನೆಯಲ್ಲಿ ಬಿ.ಎ. ಮಾಡಿದವಳು ನಾನೇ ಮೊದಲು. ರೇಷ್ಮೆ ಹುಳುವಿಗೆ ಸೊಪ್ಪು ಹಾಕಿ, ಕೈ ತೊಳೆದು, ಬಸ್ಸಿನಲ್ಲಿ ನಿಂತುಕೊಂಡೇ ಚನ್ನಪಟ್ಟಣಕ್ಕೆ ಹೋಗಿ ಓದಿದ ಬಿ.ಎ. ಅದರ ಹೆಮ್ಮೆ ಈಗಲೂ ಇದೆ, ಮುಚ್ಚಿಡುವುದಿಲ್ಲ. ಮನೆಗೆ ಬರುವ ಕಾಗದ, ಔಷಧಿ ಚೀಟಿ, ಗೊಬ್ಬರದ ಚೀಲ, ಎಲ್ಲವನ್ನೂ ಓದಿ ಹೇಳುವವಳು ನಾನು.

ಬಿಡದಿ ಕಡೆ ಕಾರ್ಖಾನೆಗಳು ಒಂದರ ಪಕ್ಕ ಒಂದು ಏಳುತ್ತಿದ್ದ ಕಾಲ ಅದು. ನಮ್ಮೂರ ಅಂಗಡಿಯ ಬಾಗಿಲಿಗೂ ಬಣ್ಣದ ಪೊಟ್ಟಣಗಳ ಸರ ಇಳಿಬಿದ್ದಿತ್ತು. ಅದೇ ವರ್ಷ ಅಪ್ಪನಿಗೆ ಬಿ.ಪಿ. ಇದೆ ಎಂದು ಗೊತ್ತಾಯಿತು. ದೊಡ್ಡಪ್ಪ ಲಕ್ವ ಹೊಡೆದು ಮಲಗಿದ್ದನ್ನು ಕಂಡ ಮನೆ ನಮ್ಮದು. ಡಾಕ್ಟರು ಉಪ್ಪು ಕಡಿಮೆ ಮಾಡಿ ಅಂದದ್ದೇ ತಡ, ಅವ್ವ ಉಪ್ಪಿನಕಾಯಿ ಜಾಡಿಯನ್ನು ಅಟ್ಟಕ್ಕೆ ಏರಿಸಿದಳು. ಅಪ್ಪ ಮುದ್ದೆ ಮುಂದೆ ಮುಖ ಸಣ್ಣಗೆ ಮಾಡಿಕೊಂಡು ಕೂರುತ್ತಿದ್ದ.

ಒಂದು ದಿನ ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ಹಾಕಿ ಬರುವಾಗ ಅಪ್ಪ ಬಸ್ ಸ್ಟ್ಯಾಂಡಿನಿಂದ ಒಂದು ಬಿಸ್ಕತ್ ಪೊಟ್ಟಣ ತಂದ. ಹಸಿರು ಬಣ್ಣ, ಮೇಲೊಂದು ಕೆಂಪು ಹೃದಯದ ಚಿತ್ರ.

"ನೋಡವ್ವ, ನಂಗಿದು ಆಯ್ತದಾ?"

ಹಿಂಬದಿಯಲ್ಲಿ ಇಂಗ್ಲಿಷಿನ ಪಟ್ಟಿಯಿತ್ತು. ಸೋಡಿಯಂ ಅಂದರೆ ಉಪ್ಪಿನ ಲೆಕ್ಕ ಎಂದು ನನಗೆ ಗೊತ್ತಿತ್ತು. ಅದರ ಮುಂದಿದ್ದ ಅಂಕಿ ಚಿಕ್ಕದು. "ತಿನ್ನಪ್ಪ, ಏನೂ ಆಗಲ್ಲ," ಅಂದೆ.

ಅವ್ವ ಒಂದು ಚೂರು ಮುರಿದು ನಾಲಿಗೆ ಮೇಲಿಟ್ಟುಕೊಂಡಳು. "ಉಪ್ಪು ಐತೆ ಕಣೇ."

"ಪಟ್ಟೀಲಿ ಬರ್ದವ್ರೆ ಕಣವ್ವ, ಕಮ್ಮಿ ಐತೆ ಅಂತ."

"ಬರ್ದೋರ್ ಯಾರು?"

"ಬಿಸ್ಕತ್ ಮಾಡೋರು."

"ಮಾರೋನೇ ಬರ್ಕಂಡವ್ನೆ ಅನ್ನು. ಸೊಪ್ಪು ಮಾರೋನ್ ಮಾತು ಕೇಳ್ಕಂಡು ಹುಳಕ್ಕೆ ಹಾಕ್ಬುಡ್ತೀವಾ ನಾವು?"

"ಓದಾಕೆ ಬಾರ್ದೋಳು ನೀನು, ಸುಮ್ನಿರವ್ವ," ಅಂದುಬಿಟ್ಟೆ. ಅವ್ವ ಎದ್ದು ಹುಳುಗಳ ಕಡೆ ಹೋದಳು. ಆ ಮಾತು ನನ್ನ ಬಾಯಿಂದ ಬಂದದ್ದು ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಒಂದೂವರೆ ತಿಂಗಳಾದ ಮೇಲೆ ಮೂವರೂ ಚನ್ನಪಟ್ಟಣದ ಆಸ್ಪತ್ರೆಗೆ ಹೋದೆವು. ಬಿ.ಪಿ. ಮೊದಲಿಗಿಂತ ಏರಿತ್ತು. ಡಾಕ್ಟರು ಮಾತ್ರೆ ಬದಲಾಯಿಸಿ, ಏನೇನು ತಿನ್ನುತ್ತೀರಿ ಎಂದು ಕೇಳಿದರು. ಅಪ್ಪ ಜೇಬಿನಿಂದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟು, "ಇದೊಂದೇ ಸಾ, ರುಚಿಗೆ. ನನ್ ಮಗ್ಳು ಓದಿ ಹೇಳವ್ಳೆ, ಬಿ.ಎ. ಮಾಡವ್ಳೆ," ಅಂದ.

ಡಾಕ್ಟರು ಪೆನ್ನಿನ ತುದಿಯನ್ನು ಪಟ್ಟಿಯ ತಲೆಯ ಮೇಲಿದ್ದ ಅಕ್ಕಿನುಚ್ಚಿನಂಥ ಅಕ್ಷರದ ಮೇಲಿಟ್ಟರು. "ಇದು ಎರಡು ಬಿಸ್ಕತ್ತಿಗೆ ಮಾತ್ರ ಬರೆದಿರೋದಮ್ಮ. ನಿಮ್ಮಪ್ಪ ಎಷ್ಟು ತಿಂತಾರೆ?"

"ದಿನಾ ಒಂದ್ ಪಾಕೀಟು," ಅಂದ ಅಪ್ಪ. "ಟೀ ಜೊತೆ ಎರಡೇ ಬಿಸ್ಕತ್ ತಿಂದು ಎದ್ದೋಗೋನು ಯಾವೂರಲ್ಲವ್ನೆ ಸಾ?"

ಡಾಕ್ಟರಿಗೆ ನಗು ಬಂತು. ನನಗೆ ಬರಲಿಲ್ಲ. ಪೊಟ್ಟಣದಲ್ಲಿ ಸುಳ್ಳು ಬರೆದಿರಲಿಲ್ಲ. ಹೃದಯದ ಚಿತ್ರವನ್ನು ಅಂಗೈಯಗಲ ಹಾಕಿ, ಬೇಕಾದ ಮಾತನ್ನು ಕಣ್ಣಿಗೆ ಬೀಳದ ಹಾಗೆ ಇಟ್ಟಿದ್ದರು. ಅದನ್ನು ಬಿಟ್ಟು ಓದಿದವಳು ನಾನು.

ಮನೆಗೆ ಬಂದಾಗ ಬೈರಾಪಟ್ಟಣದವನೊಬ್ಬ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸಿ ಕಾಯುತ್ತಿದ್ದ. ನಮ್ಮ ಹುಳುಗಳು ಸೊಪ್ಪಿಗಾಗಿ ಬಾಯಿಬಿಡುವ ಹೊತ್ತು, ತೋಟದ ಸೊಪ್ಪು ಸಾಲದೆ ಕೊಳ್ಳುತ್ತಿದ್ದೆವು. "ಔಷಧಿ ಹೊಡ್ದಿಲ್ಲ ಕಣಕ್ಕ, ಕಣ್ಮುಚ್ಕಂಡು ಹಾಕು," ಅಂದ. ಅವ್ವ ಹೂಂ ಅಂದು ಅವನನ್ನು ಕಳಿಸಿ, ಹತ್ತು ಹುಳುಗಳನ್ನು ಮೊರಕ್ಕೆ ಎತ್ತಿಕೊಂಡು ಅವಕ್ಕಷ್ಟೇ ಆ ಸೊಪ್ಪು ಹಾಕಿದಳು. ಕೊಂಡ ಸೊಪ್ಪಿಗೆ ಯಾವತ್ತೂ ಹಾಗೆಯೇ. ಹತ್ತೂ ಸಂಜೆವರೆಗೆ ನೆಟ್ಟಗಿದ್ದರೆ ಉಳಿದವಕ್ಕೆ.

ನಾನು ಹೋಗಿ ಮೊರದ ಪಕ್ಕ ಕೂತೆ. ಅವ್ವ ನನ್ನ ಮುಖ ನೋಡದೆ, "ಹುಳ ಸಂಜೆಗೇ ಹೇಳ್ಬುಡ್ತವೆ. ನಿಮ್ಮಪ್ಪನ ಮೈ ಹೇಳಾಕೆ ಇಷ್ಟು ದಿನ ಬೇಕಾಯ್ತು," ಅಂದಳು. ಅಷ್ಟೇ ಅವಳು ಅಂದದ್ದು.

ಅಪ್ಪ ಬಂದು ಪೊಟ್ಟಣವನ್ನು ನನ್ನ ಮಡಿಲಿಗೆ ಹಾಕಿದ. "ಇನ್ನೊಂದ್ಸಲ ಓದವ್ವ. ಈ ಸಲ ಪೂರ್ತಿ ಓದು."

ಇನ್ನು ಮೇಲೆ ನನ್ನ ಓದು ಅವನಿಗೆ ಬೇಡವಾಗಿರುತ್ತದೆ ಎಂದುಕೊಂಡಿದ್ದೆ. ಬೆಳಕಿಗೆ ಹಿಡಿದು, ಮೇಲಿನ ಅಂಚಿನಿಂದ ಕೆಳಗಿನ ಅಂಚಿನವರೆಗೆ, ಒಂದು ಅಕ್ಷರ ಬಿಡದೆ ಕನ್ನಡದಲ್ಲಿ ಓದಿ ಹೇಳಿದೆ. ಅವನು ಕೊನೆವರೆಗೂ ಕೇಳಿ, ಪೊಟ್ಟಣವನ್ನು ಕಸದ ಬುಟ್ಟಿಗೆ ಹಾಕಿ, ಅವ್ವನ ಕಡೆ ತಿರುಗಿದ.

"ಅಮ್ಮಿ, ಸಪ್ಪೆ ಸಾರಿಗೆ ನಿಂಬೆಹಣ್ಣಾದ್ರೂ ಹಿಂಡು."

"ಹಿಂಡ್ತೀನಿ ತಡೀರಿ," ಅಂದಳು ಅವ್ವ. ಅವಳ ಕಣ್ಣು ಇನ್ನೂ ಮೊರದ ಮೇಲೇ ಇತ್ತು.