ಚೀಟಿ ಮಾತ್ರ ಹೊಸದು

ಮಕ್ತಲ್ ಬಸ್ ನಿಲ್ದಾಣದ ಹತ್ತಿರ ನನ್ನ ತಂಗಿಯ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ನಾನು ಅವಳಿಗಿಂತ ಆರು ವರ್ಷ ದೊಡ್ಡವನು. ಓದಿನಲ್ಲಿ ಮಾತ್ರ ಬಹಳ ಚಿಕ್ಕವನು. ಏಳನೆಯ ತರಗತಿಗೆ ಶಾಲೆ ಬಿಟ್ಟು ನಾರಾಯಣಪೇಟೆಯಲ್ಲಿ ಮಗ್ಗಕ್ಕೆ ಕೂತೆ. ಅವಳು ಗದ್ವಾಲಿನಲ್ಲಿ ಡಿಪ್ಲೊಮಾ ಮುಗಿಸಿದಳು. ಮಗ್ಗದ ಕೆಲಸ ಕಡಿಮೆಯಾದಾಗ ಅವಳೇ ಕರೆದು ನನ್ನ ಕೈಗೆ ಸ್ಕ್ರೂಡ್ರೈವರ್ ಕೊಟ್ಟಳು.

ಅಂಗಡಿಯಲ್ಲಿ ಒಂದು ಪೆನ್‌ಡ್ರೈವ್ ಇದೆ. ಯಾವ ಕಂಪ್ಯೂಟರ್ ಕೆಟ್ಟು ಬಂದರೂ ಅದರಿಂದಲೇ ಹೊಸದಾಗಿ ಓಎಸ್, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ, ಹಾಕುತ್ತೇವೆ. ಓಎಸ್‌ನಲ್ಲಿ ಕಳ್ಳರು ನುಸುಳುವ ತೂತುಗಳು ಆಗಾಗ ಕಾಣಿಸಿಕೊಳ್ಳುತ್ತವೆ. ಓಎಸ್ ತಯಾರಿಸಿದವರು ತಿಂಗಳಿಗೊಮ್ಮೆ ತೇಪೆ ಕಳಿಸುತ್ತಾರೆ. ಒಳ್ಳೆಯ ನೆಟ್ ಇದ್ದರೆ ಆ ತೇಪೆಗಳು ತಾವಾಗಿಯೇ ಇಳಿದುಕೊಳ್ಳುತ್ತವೆ. ಮಾಗನೂರು, ಕೆ.ಟಿ. ದೊಡ್ಡಿ ಕಡೆಯ ನೆಟ್‌ಗೆ ಅಷ್ಟು ಉಸಿರಿಲ್ಲ. ಆದ್ದರಿಂದ ತಂಗಿ ಪ್ರತಿ ತಿಂಗಳು ತೇಪೆಗಳನ್ನು ಪೆನ್‌ಡ್ರೈವಿನ ಓಎಸ್‌ಗೆ ಮೊದಲೇ ಸೇರಿಸಿ ಇಡುತ್ತಾಳೆ. ಅದಕ್ಕೆ ಮೂರು ತಾಸು ಬೇಕು. ಆಮೇಲೆ ಮೂಲೆಯಲ್ಲಿರುವ ಹಳೆಯ ಕಂಪ್ಯೂಟರಿಗೆ ಹಾಕಿ, ಅದು ತೋರಿಸುವ ನಂಬರು ಆ ತಿಂಗಳದ್ದೇ ಹೌದೋ ಎಂದು ನೋಡಬೇಕು. ಹೌದಾದರೆ ಪೆನ್‌ಡ್ರೈವಿಗೆ ದಾರದಲ್ಲಿ ಒಂದು ಚೀಟಿ ಕಟ್ಟಿ ತಿಂಗಳ ಹೆಸರು ಬರೆಯುವುದು.

ಹೆರಿಗೆಗೆ ಮುಂಚೆ ತಂಗಿ ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದು ನನಗೆ ಒಪ್ಪಿಸಿದಳು. ನಮ್ಮ ಮನೆಯಲ್ಲಿ ಬಾಣಂತಿ ಮೂರು ತಿಂಗಳು ಕೋಣೆಯ ಹೊಸ್ತಿಲು ದಾಟುವುದಿಲ್ಲ. ಹೊರಗೆ ತಿರುಗಾಡಿ ಬಂದವರು ಒಳಗೆ ಕಾಲಿಡುವುದಿಲ್ಲ. ಅವ್ವ ಇದಕ್ಕೆ ಹೊಸ ಕಾನೂನೊಂದನ್ನೂ ಸೇರಿಸಿದ್ದಳು.

"ಹಸಿಮೈಯಾಗ ಪೋನು, ಕಂಪೂಟ್ರು ನೋಡಿದ್ರ ಕಣ್ಣು ಹೋಗ್ತಾವ. ಕಿವಿಗೆ ಅರಿವಿ ಕಟ್ಕೊಂಡು ಸುಮ್ನ ಮಲ್ಕೋ."

ಹೀಗಾಗಿ ನಾನು ಹೊಸ್ತಿಲ ಹೊರಗೆ, ತಂಗಿ ಲೋಬಾನದ ಹೊಗೆಯ ಒಳಗೆ. ಮೊದಲ ತಿಂಗಳು ಕೆಲಸವನ್ನು ಸರಿಯಾಗಿಯೇ ಮಾಡಿದೆ. ನಡುವೆ ಕರೆಂಟು ಹೋಗಿ ಎರಡು ಸಲ ಮಾಡಬೇಕಾಯಿತು. ಎರಡನೆಯ ತಿಂಗಳು ಗೆಳೆಯರು ಕೃಷ್ಣೆಯ ದಂಡೆಗೆ ಮೀನೂಟಕ್ಕೆ ಕರೆದರು. ಮೀನು ಕಾಯುವುದಿಲ್ಲ, ತೇಪೆ ಕಾಯುತ್ತದೆ ಎಂದುಕೊಂಡೆ. ಸಂಜೆ ಬಂದು ಚೀಟಿ ಮಾತ್ರ ಬದಲಿಸಿ, ಬಾಗಿಲಲ್ಲಿ ನಿಂತು ಪೆನ್‌ಡ್ರೈವನ್ನು ದೂರದಿಂದಲೇ ಆಡಿಸಿ ತೋರಿಸಿದೆ.

"ನಂಬರ್ ನೋಡಿದೇನಣ್ಣಾ?"

"ನೋಡೀನಿ, ನೋಡೀನಿ."

"ಅಕ್ಷರ ಭಾಳ ಚಂದ ಬರದೀಯಲ್ಲ!"

ಕೆಂಪು ಶಾಯಿಯಲ್ಲಿ ಬರೆದಿದ್ದೆ. ಹೊಗಳಿಸಿಕೊಂಡು ಬಂದೆ. ಮೂರನೆಯ ತಿಂಗಳು ಮೀನೂ ಇರಲಿಲ್ಲ, ಗೆಳೆಯರೂ ಇರಲಿಲ್ಲ. ಅಂಗಡಿಯಲ್ಲಿ ಕೂತು ಚಹಾ ಕುಡಿದೆ, ಚೀಟಿ ಬದಲಿಸಿದೆ. ಇದಕ್ಕೆ ನನ್ನ ಹತ್ತಿರ ಯಾವ ನೆಪವೂ ಇಲ್ಲ.

ಅದೇ ವಾರ ಮಾಗನೂರಿನ ಹೊಲಿಗೆ ಕಲಿಸುವ ಕೇಂದ್ರದವರು ಎಂಟು ಕಂಪ್ಯೂಟರಿಗೆ ಓಎಸ್ ಹಾಕಿಸಿದರು. "ಈ ತಿಂಗಳದ ತೇಪಿ ಎಲ್ಲಾ ಅದಾವ್ರಿ" ಎಂದು ತಂಗಿ ಅಲ್ಲಿಯ ಮೇಡಮ್ಮಿಗೆ ಅವ್ವನ ಗುಂಡಿ ಫೋನಿನಿಂದ ಮಾತು ಕೊಟ್ಟಿದ್ದಳು. ಹಾಕಿ ಬಂದವನು ನಾನು. ಹತ್ತು ದಿನಕ್ಕೆ ಯಾರದೋ ಮದುವೆ ಫೋಟೋಗಳ ಪೆನ್‌ಡ್ರೈವಿನಿಂದ ಒಂದು ಕಂಪ್ಯೂಟರಿಗೆ ವೈರಸ್ ಹತ್ತಿತು. ಹೊಸ ತೇಪೆ ಇದ್ದಿದ್ದರೆ ಅದು ಅಲ್ಲೇ ನಿಲ್ಲುತ್ತಿತ್ತು. ಇಲ್ಲದ್ದರಿಂದ ಎಂಟನ್ನೂ ಜೋಡಿಸಿದ ವೈರಿನ ಗುಂಟ ಸಾಗಿ ಉಳಿದ ಏಳಕ್ಕೂ ಹೊಕ್ಕಿತು. ಹೆಣ್ಣುಮಕ್ಕಳ ರವಿಕೆಯ ಅಳತೆಗಳನ್ನು ಬರೆದಿಟ್ಟ ಫೈಲುಗಳೆಲ್ಲ ಹಾಳಾದವು.

ಮೇಡಮ್ಮನ ಫೋನು ಬಂದಾಗ ನಾನು ಹೊಸ್ತಿಲ ಹೊರಗೇ ಇದ್ದೆ. ಫೋನು ಇಟ್ಟ ಮೇಲೆ ತಂಗಿ ಅವ್ವನಿಗೆ ಹೇಳುವುದು ಕೇಳಿಸಿತು.

"ನಾ ಬರದು ಕೊಟ್ಟದ್ರಾಗನ ಏನೋ ತಪ್ಪೈತಿ, ಅವ್ವಾ. ಅಣ್ಣ ನಾ ಬರದಂಗನ ಮಾಡ್ಯಾನ. ನನಗ ಈ ಕೆಲಸ ಬರೂದಿಲ್ಲ ಅಂತ ಕಾಣ್ತತಿ. ಇನ್ನ ಮ್ಯಾಲೆ ಬರೇ ಚಾರ್ಜರ್, ಮೌಸ್ ಮಾರಿಕೊಂಡು ಇರ್ತೀನಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಡಿಪ್ಲೊಮಾ ಓದಿದವಳು, ಏಳನೆಯ ತರಗತಿಯವನ ಮೈಗಳ್ಳತನವನ್ನು ತನ್ನ ದಡ್ಡತನ ಎಂದುಕೊಳ್ಳುತ್ತಿದ್ದಳು. ನಾನು ಇನ್ನೊಂದು ದಿನ ಸುಮ್ಮನಿದ್ದರೆ ಅವಳು ಆ ಕೆಲಸವನ್ನೇ ಬಿಡುತ್ತಿದ್ದಳು. ಹೊಸ್ತಿಲು ದಾಟಿ ಒಳಗೆ ಹೋದೆ.

"ಏ, ಕಾಲಾದ್ರೂ ತೊಳಕೊಂಡು ಬಾರೋ!" ಎಂದಳು ಅವ್ವ.

"ನೀ ಬರದದ್ದು ಬರೋಬ್ಬರಿ ಐತಿ ತಂಗಿ. ನಾ ಮಾಡೇ ಇಲ್ಲ. ಎರಡು ತಿಂಗಳಿಂದ ಬರೇ ಚೀಟಿ ಬದಲ್ ಮಾಡೀನಿ."

ಅವಳು ಕಿವಿಗೆ ಕಟ್ಟಿದ ಬಟ್ಟೆಯನ್ನು ಸಡಿಲಿಸಿ, "ಮತ್ತ ಹೇಳು" ಎಂದಳು. ಹೇಳಿದೆ. ಒಂದು ಸಲ ಹೇಳುವುದೇ ಕಷ್ಟವಾಗಿತ್ತು.

"ಆ ಕೆಂಪ್ ಅಕ್ಷರಾ ಹೊಗಳಿದ್ನಲ್ಲೋ ನಾನು!" ಎಂದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ಮಗು ಎದ್ದು ತನ್ನ ರಾಗ ತೆಗೆಯಿತು. ಆ ಗದ್ದಲದಲ್ಲೇ ಅವಳು ಅವ್ವನ ಫೋನನ್ನು ನನ್ನ ಕಡೆ ನೂಕಿದಳು. "ಮೇಡಮ್ಮಗ ಹೇಳು. ನನಗ ಕೇಳುವಂಗ ಹೇಳು."

ಮೇಡಮ್ಮ ಎಲ್ಲ ಕೇಳಿ, "ಅರೆ, ನಿಮ್ಮ ತಂಗಿ ಈಗಷ್ಟ ತಪ್ಪು ನಂದು ನಂದು ಅಂತ ಅಳಾಕತ್ತಿದ್ರಲ್ರೀ! ನಾಚಿಕಿ ಆಗಂಗಿಲ್ಲೇನ್ರೀ ನಿಮಗ?" ಎಂದರು.

"ಆಗಾಕತ್ತೈತ್ರಿ."

ಅಂದು ನೋಟ್‌ಬುಕ್ ಎದುರಿಗಿಟ್ಟುಕೊಂಡು ಮೂರು ತಾಸು ಕೂತೆ, ನಂಬರು ನೋಡಿದೆ. ಮರುದಿನ ಮೊದಲ ಬಸ್ಸಿಗೆ ಮಾಗನೂರಿಗೆ ಹೋಗಿ ಎಂಟಕ್ಕೂ ಹೊಸದಾಗಿ ಹಾಕಿದೆ. ಅಷ್ಟರಲ್ಲಿ ಹೆಣ್ಣುಮಕ್ಕಳು ಟೇಪು ಹಿಡಿದು ಒಬ್ಬರಿಗೊಬ್ಬರು ಮತ್ತೆ ಅಳತೆ ತೆಗೆದುಕೊಳ್ಳುತ್ತಿದ್ದರು. ಒಬ್ಬರದೂ ನೆನಪಿನಲ್ಲಿದ್ದ ಮೊದಲಿನ ಅಳತೆ ಬರಲಿಲ್ಲ. ಎಲ್ಲರದೂ ಒಂದೆರಡು ಇಂಚು ಹೆಚ್ಚಾಗಿತ್ತು. ಅದಕ್ಕೂ ನನ್ನನ್ನೇ ಬೈದರು. ಬೈಸಿಕೊಂಡೆ.

ತಂಗಿ ಈಗ ಅಂಗಡಿಗೆ ಬರುತ್ತಾಳೆ. ಚಾರ್ಜರ್, ಮೌಸ್ ಮಾರುವ ಮಾತನ್ನು ಮತ್ತೆ ಎತ್ತಿಲ್ಲ. ಪೆನ್‌ಡ್ರೈವಿನ ಕೆಲಸವನ್ನು ನನ್ನಿಂದ ಕಿತ್ತುಕೊಳ್ಳಲೂ ಇಲ್ಲ. ಆದರೆ ನಾನು ಮಾಡಿ ಮುಗಿಸಿದ ಮೇಲೆ, ಏನನ್ನೂ ಕೇಳದೆ, ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿ, ಮೊದಲಿನಿಂದ ಎಲ್ಲವನ್ನೂ ತಾನೇ ಪರೀಕ್ಷಿಸುತ್ತಾಳೆ. ಪರೀಕ್ಷೆ ಮುಗಿಯುವವರೆಗೆ ನಾನು ಮಗುವನ್ನು ಆಡಿಸುತ್ತ, ಅವಳ ಮುಖವನ್ನೇ ನೋಡುತ್ತ ಕೂತಿರುತ್ತೇನೆ.