ಧಾರವಾಡದ ಹೊಳೆ

ನಮ್ಮ ಹುಬ್ಬಳ್ಳಿಯ ಕ್ಷೌರದಂಗಡಿಗಳಲ್ಲಿ ಪತ್ರಿಕೆಗಳ ಆಯುಷ್ಯ ಕೊನೆಯ ಪುಟದಿಂದ ಕ್ಷೀಣಿಸುತ್ತ ಬರುತ್ತದೆಂಬುದನ್ನು ನೀವೂ ಗಮನಿಸಿರಬಹುದು. ಕತ್ತಿಗೆ ಅಂಟಿದ ನೊರೆ ಒರೆಸಲು ಕಾಗದ ಬೇಕು. ಹಿಂದಿನ ಹಾಳೆ ಕೈಗೆ ಸುಲಭವಾಗಿ ಸಿಗುತ್ತದೆ. ಹೀಗಾಗಿ, ಸರದಿ ಕಾಯುತ್ತ ಸಾಹಿತ್ಯವ್ಯಾಸಂಗ ಮಾಡಿದ ನನ್ನಂಥವರಿಗೆ ಅಸಂಖ್ಯ ಕಥೆಗಳ ಆರಂಭ ಗೊತ್ತು, ಒಂದರ ಅಂತ್ಯವೂ ಗೊತ್ತಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಇದೊಂದು ಕೊರತೆಯೆಂದು ನನಗೆಂದೂ ಅನ್ನಿಸಿರಲಿಲ್ಲ; ಅಲ್ಲಿ ಅರ್ಧ ಓದಿದವನ ದನಿಯೇ ಹೆಚ್ಚು ಗಟ್ಟಿ.

ಆ ಭಾನುವಾರ ನಾನು ಕ್ಷೌರಕ್ಕೆ ಹೋದದ್ದು ಅಕ್ಕನ ಸಲುವಾಗಿ. ಮಧ್ಯಾಹ್ನ ಅವಳನ್ನು ನೋಡಲು ಧಾರವಾಡದಿಂದ ಮಹಾಂತೇಶ ಮಾಸ್ತರರು ತಮ್ಮ ಅಣ್ಣನೊಡನೆ ಬರುವವರಿದ್ದರು. ಅರಳೆಯ ವ್ಯಾಪಾರಿಯಾದ ಅಪ್ಪ ತಂದ ಅರಳೆಯ ವರಗಳನ್ನೆಲ್ಲ ನಿರಾಕರಿಸಿದ್ದ ಅಕ್ಕ, ಈ ಒಬ್ಬರನ್ನು ಮಾತ್ರ ನೋಡುವ ಮೊದಲೇ ಅರ್ಧ ಒಪ್ಪಿದ್ದಳು. ಕಾರಣ, ವಾರಪತ್ರಿಕೆಯೊಂದರಲ್ಲಿ ಬಂದ ಅವರ ಕಥೆ. ಅದರಲ್ಲಿ ಧಾರವಾಡದ ಹುಡುಗಿಯೊಬ್ಬಳ ಹಾರ್ಮೋನಿಯಂ ಅನ್ನು ತಂದೆ ಅವಳಿಗೆ ತಿಳಿಸದೆ ಮಾರಿಬಿಡುತ್ತಾನೆ. ಅವಳು ಸಂಜೆ ಊರಂಚಿನ ಹೊಳೆಯ ದಂಡೆಗೆ ಹೋಗಿ, ನೀರಲ್ಲಿ ಕಾಲಿಳಿಬಿಟ್ಟು, ಶ್ರುತಿಯಿಲ್ಲದೆಯೇ ಹಾಡುತ್ತಾಳೆ. ಅಕ್ಕನ ಕಾಲೇಜನ್ನೂ ಅಪ್ಪ ಹೀಗೆಯೇ, ಅವಳನ್ನು ಕೇಳದೆ, ನಡುವಿನಲ್ಲೇ ಬಿಡಿಸಿದ್ದರು. “ಇದನ್ನ ಬರದಾವರಿಗೆ ನಾ ಏನೂ ಬಿಡಿಸಿ ಹೇಳೂದು ಬ್ಯಾಡ,” ಎಂದಿದ್ದಳು ಅವಳು.

ಕ್ಷೌರದಂಗಡಿಯಲ್ಲಿ ಕೈಗೆ ಸಿಕ್ಕದ್ದು ಒಂದು ಹಳೆಯ ಮರಾಠಿ ಮಾಸಿಕ. ತೆರೆದರೆ ಅದೇ ಹುಡುಗಿ, ಅದೇ ತಂದೆ, ಸ್ವರದ ಪಟ್ಟಿಯೊಂದು ಮುರಿದ ಅದೇ ಹಾರ್ಮೋನಿಯಂ! ಹಾರ್ಮೋನಿಯಂ ಹೊಸ್ತಿಲು ದಾಟುವಲ್ಲಿಗೆ ಹಾಳೆಗಳು ಮುಗಿದಿದ್ದವು.

ನಮ್ಮ ಕಡೆಯವರಿಗೆ ಮರಾಠಿ ಓದಲು ಬರುತ್ತದೆ, ಓದಿದ್ದೇವೆಂದು ಒಪ್ಪಿಕೊಳ್ಳಲು ಬರುವುದಿಲ್ಲ. ಪುಣೆಯ ಕಥೆ ರೈಲು ಹತ್ತಿ ಹುಬ್ಬಳ್ಳಿಯಲ್ಲಿಳಿದರೆ ಸಾಕು, ಗೋದೂಬಾಯಿ ಗಂಗವ್ವನಾಗುತ್ತಾಳೆ, ಶ್ರೀಖಂಡ ಹೋಳಿಗೆಯಾಗುತ್ತದೆ. ಕೇಳಿದರೆ ಪ್ರೇರಣೆ, ಛಾಯೆ, ಆಧಾರ, ಸಂಸ್ಕಾರ! ಕಳವಿಗೆ ಇಷ್ಟೊಂದು ಸುಸಂಸ್ಕೃತ ನಾಮಾವಳಿ ಇರುವಾಗ ಸ್ವಂತ ಬರೆಯುವ ಅವಿವೇಕ ಯಾರು ಮಾಡಿಯಾರು? ಈ ಕಡೆಯ ವಾಕ್ಯವನ್ನು ಮನಸ್ಸಿನಲ್ಲೇ ಎರಡು ಸಲ ತಾಲೀಮು ಮಾಡಿಕೊಂಡು, ಉಳಿದರ್ಧ ಮಾಸಿಕವನ್ನು ಬೇಡಿ ತಂದೆ. ಅಕ್ಕನಿಗೆ ಮೊದಲೇ ಹೇಳಬಹುದಿತ್ತು. ಆದರೆ ಸಭೆಯಿಲ್ಲದೆ ವಾದ ಮಂಡಿಸುವುದು ವಾಗ್ಮಿಗಳಿಗೆ ರುಚಿಸುವ ಸಂಗತಿಯಲ್ಲ.

ಉಪ್ಪಿಟ್ಟಿನ ತಾಟುಗಳು ಬರಿದಾಗುವವರೆಗೆ ತಡೆದೆ. ಆಮೇಲೆ, “ಮಾಸ್ತರ, ಧಾರವಾಡದಾಗ ಹೊಳಿ ಎಲ್ಲೈತ್ರೀ?” ಎಂದೆ.

ಅವರು ತಡವರಿಸಿದರು. “ಕೆಲಗೇರಿ ಕೆರಿ ಐತಲ್ರಿ...”

“ಕೆರಿ ಹರಿಯೂದಿಲ್ರಿ. ನಿಮ್ಮ ಹೊಳಿ ಪುಣೆದಾಗ ಹುಟ್ಟಿ ಸೀದಾ ನಿಮ್ಮ ಕಥ್ಯಾಗ ಬಂದು ಬಿದ್ದೈತಿ!” ಎನ್ನುತ್ತ ಮಾಸಿಕವನ್ನು ಅವರ ಮುಂದಿಟ್ಟೆ.

“ಲೇ ತಮ್ಮಾ, ಕನ್ಯಾ ತೋರ್ಸಾಕ ಕರದೇವಿ, ಪಂಚಾಯ್ತಿಗೆ ಅಲ್ಲೋ!” ಎಂದರು ಅಪ್ಪ.

ಮಾಸ್ತರರು ಮುಖಪುಟ ನೋಡಿದರು, ಬೆವರಿದರು. “ಹೆಪ್ಪು ಅವರ ಮನೀದು, ಖರೇ ಐತ್ರಿ. ಆದ್ರ ಹಾಲು...”

“ಹಾಲೂ ಅವರದು, ಗಡಿಗೀನೂ ಅವರದು. ನೀವು ಬರೇ ಮುಚ್ಚಳಾ ಮುಚ್ಚೀರಿ!”

ಅಭ್ಯಾಸಬಲದಿಂದ ಚಪ್ಪಾಳೆಗಾಗಿ ಹಿಂದೆ ತಿರುಗಿದರೆ, ಅಡಿಗೆಮನೆಯ ಬಾಗಿಲಲ್ಲಿ ಚಹದ ತಟ್ಟೆ ಹಿಡಿದು ಅಕ್ಕ ನಿಂತಿದ್ದಳು. ಅವಳ ಮುಖ ನೋಡಿದ ಮೇಲೆ, ಗೆದ್ದ ವಾದವನ್ನು ಎಲ್ಲಿ ಬಚ್ಚಿಡಬೇಕೆಂದು ನನಗೆ ತಿಳಿಯಲಿಲ್ಲ.

ನೋಡಲು ಬಂದವರೆದುರು ಕನ್ಯೆ ಕೇಳಿದ್ದಕ್ಕಷ್ಟೇ ಉತ್ತರಿಸಬೇಕೆಂಬುದು ನಮ್ಮಲ್ಲಿಯ ವಾಡಿಕೆ. ಅಕ್ಕ ತಟ್ಟೆ ಕೆಳಗಿಟ್ಟು ತಾನೇ ಕೇಳಿದಳು: “ಅಷ್ಟೂ ಅವರದ ಏನ್ರಿ? ನಿಮ್ಮದು ಅನ್ನೂದು ಒಂದೂ ಇಲ್ಲೇನು?”

ಮಾಸ್ತರರು ಮಾಸಿಕವನ್ನು ಮಡಚಿಟ್ಟರು. “ಹೊಳಿ ನಂದ್ರಿ,” ಎಂದರು. “ಮೂಲದಾಗ ಆಕಿ ಹಿತ್ತಲ ಬಾವಿ ಕಟ್ಟಿ ಮ್ಯಾಲೆ ಕೂಡತಾಳ. ನಮ್ಮ ಓಣ್ಯಾಗಿನ ಬಾವಿ ಬ್ಯಾಸಗಿ ಬಂದ್ರ ಬತ್ತತೈತ್ರಿ. ಅಷ್ಟು ಸಂಕಟದಾಗ ಆಕಿ ಮುಂದ ನೀರಾದ್ರೂ ಹರೀಲಿ ಅನಿಸ್ತು. ಊರಾಗ ಹೊಳೀನ ಇಲ್ಲ ಅನ್ನೂದು ಬರಿಯೂವಾಗ ನೆನಪಾಗ್ಲಿಲ್ಲ.”

ನನ್ನ ಪ್ರಧಾನ ಸಾಕ್ಷಿಯಾದ ಹೊಳೆಯೇ ಎದುರು ಪಕ್ಷಕ್ಕೆ ಜಿಗಿದದ್ದನ್ನು ನಾನು ಬಾಯಿ ತೆರೆದು ನೋಡುತ್ತಿದ್ದೆ. ಪರರ ಮನೆಯಲ್ಲಿದ್ದುದನ್ನೆಲ್ಲ ನಿಸ್ಸಂಕೋಚವಾಗಿ ಹೊತ್ತು ತಂದ ಆ ಮನುಷ್ಯ ತನ್ನದೆಂದು ಸೇರಿಸಿದ್ದು, ತನ್ನೂರಿನಲ್ಲಿ ಇಲ್ಲದ್ದನ್ನು!

“ಹಂಗಿದ್ರ ಇದನ್ನ ಪತ್ರಿಕ್ಯಾಗ ಬರೀರಿ,” ಎಂದಳು ಅಕ್ಕ. “ಅದನ್ನ ಓದಿ ನಾ ಹೇಳತೇನಿ.”

“ಸಾಲ್ಯಾಗ ಹುಡುಗ್ರು ನಗತಾರವಾ,” ಎಂದರು ಮಾಸ್ತರರ ಅಣ್ಣ.

“ನಗಲಿ ಬಿಡ್ರಿ. ಇವರು ಕಲಸೂ ಹುಡುಗ್ರಽ ಅಲ್ಲೇನ್ರಿ ಅವರು?”

ಅವರು ಹೋದ ಮೇಲೆ ವಾರಗಳು ಉರುಳಿದವು. ಪತ್ರಿಕೆ ಬಂದ ದಿನ ಅಕ್ಕ ಅದನ್ನು ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ತಿರುವಿ ಕೆಳಗಿಡುತ್ತಿದ್ದಳು. ಅಪ್ಪ ಮತ್ತೊಂದು ಅರಳೆಯ ವರವನ್ನು ಹುಡುಕಿದರು. ನನ್ನೊಡನೆ ಮನೆಯಲ್ಲಿ ಯಾರೂ ವಾದಿಸುತ್ತಿರಲಿಲ್ಲ; ವಾಗ್ಮಿಗೆ ಇದಕ್ಕಿಂತ ಘೋರ ಶಿಕ್ಷೆಯಿಲ್ಲ.

ಕೊನೆಗೊಂದು ವಾರ, ತಲೆಗೆಣ್ಣೆಯ ಜಾಹೀರಾತಿನ ಕೆಳಗೆ, ಇರುವೆಯಷ್ಟು ಸಣ್ಣ ಅಕ್ಷರಗಳಲ್ಲಿ ಒಂದು ಪ್ರಕಟಣೆ ಬಂತು: “ನನ್ನ ಹೆಸರಿನಲ್ಲಿ ಅಚ್ಚಾದ ಕಥೆಯನ್ನು ಮರಾಠಿಯಿಂದ ಹೇಳದೆ ಎತ್ತಿಕೊಂಡಿದ್ದೇನೆ. ಮೂಲ ಲೇಖಕರು ಕ್ಷಮಿಸಬೇಕು. ಧಾರವಾಡದಲ್ಲಿ ಹೊಳೆಯೆಲ್ಲಿದೆಯೆಂದು ಕೇಳಿದವರಿಗೆ ತಿಳಿಸುವುದೇನೆಂದರೆ, ಆ ತಪ್ಪೊಂದು ಮಾತ್ರ ನನ್ನ ಸ್ವಂತದ್ದು.”

ಅಕ್ಕ ಅದನ್ನು ಓದಿ, ಪತ್ರಿಕೆ ಮಡಚಿ, ಅಪ್ಪನ ಮುಂದೆ ಹೋಗಿ ನಿಂತಳು. “ಧಾರವಾಡಕ್ಕ ಹೂಂ ಅಂತ ಹೇಳಿ ಕಳಸ್ರಿ. ನಾ ಬಿಟ್ಟ ಕಾಲೇಜು ಅಲ್ಲೇ ಮುಗಸ್ತೇನಿ ಅಂತ ಅದರ ಕೂಡ ಹೇಳ್ರಿ.”

ಅಪ್ಪ ಆಸರೆಗಾಗಿ ನನ್ನತ್ತ ನೋಡಿದರು. ವಿಷಯದ ವಿರುದ್ಧ ಮಾತಾಡಲು ಆ ದಿನ ನಾನು ಏಳಲಿಲ್ಲ.